ಸೆಕೆಂಡ್‌ಹ್ಯಾಂಡ್ ಫ್ರೇಮಿನ ಜಾತಕ

ಕಳೆದ ಜನವರಿಯಲ್ಲಿ ನಮ್ಮಕ್ಕನ ಮಗ ಫೋನ್ ಮಾಡಿದ. ಹದಿನಾರು ವರ್ಷದ ಹುಡುಗ, ಹುಟ್ಟಿ ಬೆಳೆದದ್ದೆಲ್ಲ ಕ್ಯಾಲಿಫೋರ್ನಿಯಾದಲ್ಲೇ. ಶಾಲೆಯ ಮೌಂಟನ್ ಬೈಕ್ ತಂಡದಲ್ಲಿದ್ದಾನೆ. "ಮಾಮ, ಎರಡು ಫ್ರೇಮ್ ನೋಡಿಟ್ಟಿದೀನಿ. ಒಂದು ಕಾರ್ಬನ್, 500 ಡಾಲರ್. ಇನ್ನೊಂದು ಅಲ್ಯೂಮಿನಿಯಂ, 700. ಕಾರ್ಬನ್ನೇ ಚೀಪು, ತಗೊಂಡ್ಬಿಡ್ಲಾ?"

ಅವನ ಹತ್ತಿರ ಇದ್ದದ್ದು 900 ಡಾಲರ್. ಬೇಸಿಗೆ ರಜದಲ್ಲಿ ಚಿಕ್ಕ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಕೂಡಿಟ್ಟಿದ್ದ. ಈಗಿರುವ ಸೈಕಲ್‌ನಲ್ಲಿ ಮುಂದೆ ಮಾತ್ರ ಸಸ್ಪೆನ್ಷನ್, ಹಿಂದೆ ಇಲ್ಲ. ಆ ಸೈಕಲ್ಲಿನ ಚಕ್ರ, ಫೋರ್ಕ್, ಗೇರು, ಬ್ರೇಕು ಎಲ್ಲ ಬಿಚ್ಚಿ, ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಷನ್ ಇರುವ ಹಳೇ ಫ್ರೇಮಿಗೆ ಹಾಕಿಕೊಳ್ಳೋದು ಅವನ ಯೋಜನೆ. ಬಡವರ ಫುಲ್ ಸಸ್ಪೆನ್ಷನ್ ಅಂದರೆ ಇದೇ. ಯೋಜನೆ ಒಳ್ಳೇದೇ, ಆದರೆ ಒಂದು ಷರತ್ತಿನ ಮೇಲೆ: ಹಳೇ ಸೈಕಲ್ಲಿನ ಭಾಗಗಳು ಹೊಸ ಫ್ರೇಮಿಗೆ ಕೂರಬೇಕು.

ನಾನು "ತಡಿಯಪ್ಪ" ಅಂದೆ. ಯಾಕಂದರೆ ಇದೇ ತಪ್ಪನ್ನು ನಾನೇ ಮಾಡಿದ್ದೆ. 2018ರಲ್ಲಿ ಮಾಸ್ಟರ್ಸ್ ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಪಾರ್ಕಿಂಗ್ ಲಾಟ್‌ನಲ್ಲಿ ನಿಂತು ಯಾರೋ ಒಬ್ಬರಿಂದ 400 ಡಾಲರ್‌ಗೆ ಒಂದು ಫ್ರೇಮ್ ಕೊಂಡೆ. ಬಣ್ಣ ಚೆನ್ನಾಗಿತ್ತು, ಹೊಸದಿದ್ದಾಗ ಅದರ ಬೆಲೆ ಏನಿತ್ತು ಅಂತ ಹುಡುಕಿ ನೋಡಿ ಖುಷಿಪಟ್ಟಿದ್ದೆ. ಮೂರು ತಿಂಗಳಿಗೆ ಹಿಂದಿನ ಶಾಕ್‌ನಿಂದ ಗಾಳಿ ಸೋರೋಕೆ ಶುರುವಾಯ್ತು. ಆ ಶಾಕ್ ಆ ಫ್ರೇಮಿಗೆ ಅಂತಲೇ ಮಾಡಿಸಿದ್ದು. ಅದರ ಉದ್ದ ಬೇರೆ ಯಾವ ಶಾಕ್‌ಗೂ ಹೊಂದಲ್ಲ, ಒಳಗಿನ ಭಾಗಗಳ ತಯಾರಿಕೆ ನಿಂತುಹೋಗಿತ್ತು. ದಿನವಿಡೀ ಡೇಟಾ ಜೊತೆ ಒದ್ದಾಡೋ ನಾನು, ಆ ಫ್ರೇಮಿನ ಬಗ್ಗೆ ಒಂದೇ ಒಂದು ಅಂಕಿ ನೋಡಿದ್ದೆ, ಬೆಲೆ. ಅದು ಈಗಲೂ ನಮ್ಮ ಬಾಲ್ಕನಿಯಲ್ಲಿದೆ. ನನ್ನ ಹೆಂಡತಿ ಅದರ ಮೇಲೆ ಒದ್ದೆ ಟವೆಲ್ ಹರವುತ್ತಾಳೆ.

ಆಮೇಲೆ ಗೊತ್ತಾಗಿದ್ದು ಇಷ್ಟು. ಮೌಂಟನ್ ಬೈಕ್ ಫ್ರೇಮಿನ ವಯಸ್ಸನ್ನು ವರ್ಷದಲ್ಲಿ ಎಣಿಸಿ ಪ್ರಯೋಜನ ಇಲ್ಲ. ಈ ಸೈಕಲ್ಲಿನ ಐವತ್ತು ವರ್ಷದ ಇತಿಹಾಸದಲ್ಲಿ ಕೆಲವು ಗಡಿಗಳಿವೆ. ಫ್ರೇಮು ಆ ಗಡಿಯ ಈ ಕಡೆ ಹುಟ್ಟಿತೋ ಆ ಕಡೆ ಹುಟ್ಟಿತೋ ಅನ್ನೋದೇ ಅದರ ಜಾತಕ. ಅದನ್ನು ಓದೋಕೆ ಒಂದು ಅಳತೆ ಟೇಪು, ಸ್ವಲ್ಪ ಹಳೇ ಕಥೆ ಗೊತ್ತಿದ್ದರೆ ಸಾಕು.

ಕಥೆ ಶುರುವಾಗೋದು ಸ್ಯಾನ್ ಫ್ರಾನ್ಸಿಸ್ಕೋ ಸೇತುವೆ ದಾಟಿ ಮರಿನ್ ಕೌಂಟಿಯಲ್ಲಿ. 1970ರ ದಶಕದಲ್ಲಿ ಅಲ್ಲಿನ ಕೆಲವು ಹುಡುಗರು 1930–40ರ ಕಾಲದ ಷ್ವಿನ್ ಎಕ್ಸೆಲ್ಸಿಯರ್ ಸೈಕಲ್‌ಗಳನ್ನು ಗುಜರಿಯಿಂದ ಆರಿಸಿ ತಂದು ಬೆಟ್ಟದ ಮಣ್ಣುದಾರಿಯಲ್ಲಿ ಇಳಿಸುತ್ತಿದ್ದರು. 1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಊರಿನ ಹತ್ತಿರ ಮೊದಲ ರಿಪ್ಯಾಕ್ ರೇಸ್ ನಡೆಯಿತು: ಸುಮಾರು ಎರಡು ಮೈಲಿಯಲ್ಲಿ 1,300 ಅಡಿ ಇಳಿಜಾರು. ಬ್ರೇಕು ಹಿಂದಿನ ಹಬ್‌ನ ಒಳಗೇ ಇತ್ತು, ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯೋ ತರಹದ್ದು. ಒಂದು ಸಲ ಇಳಿಯುವಷ್ಟರಲ್ಲಿ ಹಬ್ ಕಾದು ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ಗ್ರೀಸ್ ತುಂಬಬೇಕಿತ್ತು. ಅದಕ್ಕೇ ಆ ಹೆಸರು. ಆ ಗುಂಪಿನ ಜೋ ಬ್ರೀಜ್ 1977ರಲ್ಲಿ ಈ ಆಟಕ್ಕೆಂದೇ ಹೊಸ ಫ್ರೇಮ್ ಕಟ್ಟಿದ. ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ, ಟಾಮ್ ರಿಚಿ ಸೇರಿ ಇಂಥ ಸೈಕಲ್‌ಗಳ ವ್ಯಾಪಾರ ಮಾಡಿದರು.

ಇಲ್ಲೊಂದು ಸಣ್ಣ ವಿಷಯ ಗಮನಿಸಿ. ಆ ಹಳೇ ಷ್ವಿನ್‌ಗಳ ದಪ್ಪ ಟೈರು 26 ಇಂಚಿನದು. ಬೆಟ್ಟಕ್ಕೆ 26 ಇಂಚೇ ಸರಿ ಅಂತ ಯಾರೂ ಲೆಕ್ಕ ಹಾಕಿರಲಿಲ್ಲ, ಗುಜರಿಯಲ್ಲಿ ಸಿಕ್ಕಿದ್ದು ಅದು, ಅಷ್ಟೇ. ಆದರೂ ಮುಂದಿನ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬಹುತೇಕ ಎಲ್ಲ ಮೌಂಟನ್ ಬೈಕೂ 26 ಇಂಚೇ. ಗ್ಯಾರಿ ಫಿಶರ್ ಮತ್ತೆ ಕೆಲವರು 2000ದ ಹೊತ್ತಿಗೆ 29 ಇಂಚಿನ ಪರವಾಗಿ ಗಂಟಲು ಹರಿದುಕೊಂಡರು. 2012ರಲ್ಲಿ ಸ್ವಿಟ್ಜರ್ಲೆಂಡಿನ ನೀನೊ ಶುರ್ಟರ್ 27.5 ಇಂಚಿನ ಚಕ್ರದಲ್ಲಿ ವಿಶ್ವಕಪ್ ರೇಸ್ ಗೆದ್ದ. ಅದಾದ ಎರಡು ವರ್ಷಕ್ಕೆಲ್ಲ ದೊಡ್ಡ ಕಂಪನಿಗಳ ಪಟ್ಟಿಯಿಂದ 26 ಇಂಚು ಬಹುತೇಕ ಮಾಯ. ಇದು ಮೊದಲ ಗಡಿ. ನಮ್ಮ ಹುಡುಗ ನೋಡಿದ್ದ ಕಾರ್ಬನ್ ಫ್ರೇಮು 2011ರದ್ದು, 26 ಇಂಚಿನದು. ಅವನ ಹತ್ತಿರ ಇದ್ದ ಚಕ್ರ 29. ಮಾತು ಅಲ್ಲಿಗೇ ಮುಗಿಯಬಹುದಿತ್ತು.

ಊರಲ್ಲಿ ಸೈಕಲ್ ತುಳಿದವರಿಗೆ ಇನ್ನೊಂದು ತಮಾಷೆ. ನಮ್ಮ ಅಪ್ಪ, ತಾತ ತುಳಿದ 28 ಇಂಚಿನ ಸೈಕಲ್ಲಿನ ರಿಮ್ಮಿಗೆ ಟೈರು ಕೂರುವ ಜಾಗದ ವ್ಯಾಸ 635 ಮಿಲಿಮೀಟರ್. ಇವತ್ತಿನ 29 ಇಂಚಿನದು 622. ಹಾಲಿನವರ ಸೈಕಲ್ಲಿನ ರಿಮ್ಮೇ ದೊಡ್ಡದು! ಟೈರು ದಪ್ಪಗಿರೋದರಿಂದ ಇದಕ್ಕೆ 29 ಅನ್ನೋ ಹೆಸರು. ಹಾಗಾಗಿ ಹೆಸರನ್ನು ನಂಬಬೇಡಿ, ಮಿಲಿಮೀಟರ್ ಕೇಳಿ. 26ಕ್ಕೆ 559, 27.5ಕ್ಕೆ 584.

ಈಗ ಸಸ್ಪೆನ್ಷನ್ನು. ಮುಂದಿನದು ಬೇಗ ಬಂತು. ಮೋಟಾರ್‌ಸೈಕಲ್ ಲೋಕದಿಂದ ಬಂದ ಪಾಲ್ ಟರ್ನರ್ ಕಟ್ಟಿದ ರಾಕ್‌ಶಾಕ್ಸ್ ಕಂಪನಿಯ ಮೊದಲ ಫೋರ್ಕ್ ಸುಮಾರು ಎರಡು ಇಂಚು ಕುಗ್ಗುತ್ತಿತ್ತು. 1990ರಲ್ಲಿ ಕೊಲೊರಾಡೊದ ಡುರಾಂಗೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಗ್ರೆಗ್ ಹರ್ಬೋಲ್ಡ್ ಆ ಫೋರ್ಕ್ ಹಾಕಿಕೊಂಡು ಡೌನ್‌ಹಿಲ್ ಗೆದ್ದ. ಹಿಂದಿನ ಚಕ್ರದ ಕಷ್ಟ ಬೇರೆ. ಅದನ್ನು ಚೈನು ಎಳೆಯುತ್ತೆ, ನಮ್ಮ ಕಾಲು ಒಂದೊಂದೇ ತುಳಿತಕ್ಕೆ ಜಗ್ಗುತ್ತೆ. ಸುಮ್ಮನೆ ಸ್ಪ್ರಿಂಗ್ ಇಟ್ಟರೆ ಏರು ಹತ್ತುವಾಗ ಸೈಕಲ್ಲು ಕುಣಿಯುತ್ತೆ, ಅರ್ಧ ಶಕ್ತಿ ಅದಕ್ಕೇ ಹೋದ ಹಾಗೆ ಅನಿಸುತ್ತೆ.

ಇದಕ್ಕೆ ಒಂದು ಉತ್ತರ ಹುಡುಕಿದವರು ಹೋರ್ಸ್ಟ್ ಲೈಟ್ನರ್. ಆಸ್ಟ್ರಿಯಾದಿಂದ ಕ್ಯಾಲಿಫೋರ್ನಿಯಾಗೆ ಬಂದವರು, ಅವರೂ ಮೋಟಾರ್‌ಸೈಕಲ್‌ನವರೇ. ನೀವು ಯಾವುದಾದರೂ ಫ್ರೇಮಿನ ಫೋಟೋ ತೆರೆದಿಟ್ಟುಕೊಂಡು ಮುಂದಿನದನ್ನು ಓದಿ. ಪೆಡಲ್ ಹತ್ತಿರದಿಂದ ನೇರ ಹಿಂದಕ್ಕೆ ಹೋಗುವ ಕೊಳವೆ ಚೈನ್‌ಸ್ಟೇ. ಸೀಟಿನ ಕಡೆಯಿಂದ ಇಳಿದು ಬರುವುದು ಸೀಟ್‌ಸ್ಟೇ. ಅನೇಕ ಫ್ರೇಮ್‌ಗಳಲ್ಲಿ ಅವೆರಡೂ ಸೇರುವ ಮೂಲೆಯಲ್ಲಿ ಒಂದು ಕೀಲು ಇರುತ್ತೆ. ಆ ಕೀಲು ಆಕ್ಸಲ್‌ಗಿಂತ ಮೇಲೆ, ಸೀಟ್‌ಸ್ಟೇಯಲ್ಲಿ ಇದ್ದರೆ ಚಕ್ರ ಬಾಗಿಲಿನ ಹಾಗೆ ಒಂದೇ ಕೀಲಿನ ಸುತ್ತ ತಿರುಗುತ್ತೆ. ಆಕ್ಸಲ್‌ಗಿಂತ ಮುಂದೆ, ಚೈನ್‌ಸ್ಟೇಯಲ್ಲಿ ಇದ್ದರೆ ಚಕ್ರದ ದಾರಿಯೇ ಬದಲಾಗುತ್ತೆ, ಬ್ರೇಕ್ ಹಿಡಿದಾಗಲೂ ಹಿಂಬದಿ ಬಿಗಿದುಕೊಳ್ಳದೆ ಕೆಲಸ ಮಾಡುತ್ತೆ. ಎರಡನೆಯದು ಹೋರ್ಸ್ಟ್ ಲಿಂಕ್. ನಾಲ್ಕು ಬೆರಳಿನಷ್ಟು ಜಾಗದ ವ್ಯತ್ಯಾಸ.

1998ರಲ್ಲಿ ಆ ಪೇಟೆಂಟನ್ನು ಸ್ಪೆಷಲೈಜ್ಡ್ ಕಂಪನಿ ಕೊಂಡಿತು. ಅಲ್ಲಿಂದ ಅಮೆರಿಕದಲ್ಲಿ ಕೀಲನ್ನು ಅಲ್ಲಿ ಇಡಬೇಕು ಅಂದರೆ ಅವರಿಗೆ ದುಡ್ಡು ಕೊಡಬೇಕು. ಕೊಡದವರು ಕೀಲನ್ನು ಆಕ್ಸಲ್ ಮೇಲಕ್ಕೆ ಸರಿಸಿದರು. 2007ರ ಸುಮಾರಿಗೆ ಟ್ರೆಕ್ ಕಂಪನಿಯವರೂ ಡೇವ್ ವೀಗಲ್ ಅನ್ನುವ ಎಂಜಿನಿಯರೂ ಬೇರೆಬೇರೆಯಾಗಿ ಇನ್ನೊಂದು ಉಪಾಯ ಮಾಡಿದರು, ಕೀಲನ್ನು ಆಕ್ಸಲ್ ಸುತ್ತಲೇ ಕೂರಿಸಿದರು. ವೀಗಲ್ ಅವರದೇ ಡಿಡಬ್ಲ್ಯೂ ಲಿಂಕ್, ಸಾಂಟಾ ಕ್ರೂಜ್‌ನವರ ವಿಪಿಪಿ, ಇವೆಲ್ಲ ಎರಡು ಗಿಡ್ಡ ತೋಳುಗಳ ಬೇರೆ ದಾರಿ ಹಿಡಿದವು. ಪೇಟೆಂಟ್ ಅಮೆರಿಕದ್ದಾದ್ದರಿಂದ ಜರ್ಮನಿಯ ಕಂಪನಿಗಳು ತಮ್ಮ ಊರಲ್ಲಿ ಅದೇ ಹೋರ್ಸ್ಟ್ ಲಿಂಕ್ ಸೈಕಲ್ಲನ್ನು ಧಾರಾಳವಾಗಿ ಮಾರುತ್ತಿದ್ದವು. ಮ್ಯೂನಿಕ್‌ನಲ್ಲಿ ಕೂತು ಇದನ್ನು ಓದುತ್ತಿರುವವರಿಗೂ ಸಿಯಾಟಲ್‌ನಲ್ಲಿ ಓದುತ್ತಿರುವವರಿಗೂ ಆ ಕಾಲದ ಹಳೇ ಫ್ರೇಮುಗಳ ಸಂತೆ ಬೇರೆಬೇರೆಯಾಗಿ ಕಾಣೋದಕ್ಕೆ ಇದೂ ಒಂದು ಕಾರಣ. ಸುಮಾರು 2013ಕ್ಕೆ ಪೇಟೆಂಟ್ ಅವಧಿ ಮುಗಿಯಿತು, ಎಲ್ಲರೂ ಆ ಮೂಲೆಗೆ ಬಂದರು.

ಹಾಗಾದರೆ ಹೋರ್ಸ್ಟ್ ಲಿಂಕೇ ಕೊಳ್ಳಬೇಕಾ? ನನಗನಿಸೋದು, ಬೇಡ. ಕೀಲಿನ ಹೆಸರಿಗೆ ಹೆಚ್ಚು ದುಡ್ಡು ಕೊಡಬೇಡಿ. ಒಂದೇ ಕೀಲಿನ ಫ್ರೇಮುಗಳಲ್ಲೂ ಅದ್ಭುತವಾದವು ಇವೆ, ಸವೆಯೋ ಬೇರಿಂಗೂ ಕಡಿಮೆ. ಸೆಕೆಂಡ್‌ಹ್ಯಾಂಡ್ ವಿಷಯದಲ್ಲಿ ಕೀಲು ಎಲ್ಲಿದೆ ಅನ್ನೋದಕ್ಕಿಂತ ಆ ಕೀಲಿನ ಬೇರಿಂಗ್ ಈಗಲೂ ಅಂಗಡಿಯಲ್ಲಿ ಸಿಗುತ್ತಾ ಅನ್ನೋ ಪ್ರಶ್ನೆ ದೊಡ್ಡದು.

ಮಿಕ್ಕ ಗಡಿಗಳನ್ನು ಬೇಗ ದಾಟೋಣ. ಹಿಂದಿನ ಚಕ್ರ ಕೂರುವ ಜಾಗದ ಅಗಲ: ಬಹಳ ಕಾಲ 135 ಮಿಲಿಮೀಟರ್, 2010ರ ಸುಮಾರಿಗೆ 142, ಆಮೇಲೆ 2015ರ ಮಾದರಿಗಳಿಂದ ಬೂಸ್ಟ್ ಹೆಸರಿನ 148. ಆರು ಮಿಲಿಮೀಟರ್ ಹೆಚ್ಚಾಗಿದ್ದು 29 ಇಂಚಿನ ಚಕ್ರದ ಕಡ್ಡಿಗಳು ಇನ್ನಷ್ಟು ಅಗಲವಾಗಿ ನಿಲ್ಲಲಿ, ಚಕ್ರ ಗಟ್ಟಿಯಾಗಲಿ ಅಂತ. ಕಾರಣ ಸರಿಯೇ, ಆದರೆ ಒಂದೇ ಏಟಿಗೆ ಹಳೇ ಚಕ್ರಗಳೆಲ್ಲ ಅನಾಥ. ಹಿಂದಿನ ಶಾಕ್: 2016ರವರೆಗೆ ಇಂಚಿನ ಲೆಕ್ಕದ ಅಳತೆ, 200 ಬೈ 57, 216 ಬೈ 63 ಅಂತ. ಆಮೇಲೆ 210 ಬೈ 55, 230 ಬೈ 65 ಮುಂತಾದ ಮೆಟ್ರಿಕ್ ಅಳತೆ. ಇವೆರಡರಲ್ಲಿ ಯಾವುದಾದರೂ ಪರವಾಗಿಲ್ಲ. ಎರಡೂ ಅಲ್ಲದ, ಕಂಪನಿಯ ಸ್ವಂತ ಅಳತೆಯ ಶಾಕ್ ಇದ್ದರೆ ಮಾತ್ರ ಬಂದ ದಾರಿ ಹಿಡೀರಿ. ಟವೆಲ್ ಒಣಗಿಸೋಕೆ ಬೇಕಿದ್ದರೆ ತಗೊಳ್ಳಿ.

ಗೇರು ತೂಗುಹಾಕುವ ಹ್ಯಾಂಗರ್ ಅನ್ನೋ ಚಿಕ್ಕ ಲೋಹದ ತುಂಡು ಒಂದೊಂದು ಫ್ರೇಮಿಗೆ ಒಂದೊಂದು ಆಕಾರದಲ್ಲಿತ್ತು. 2019ರಲ್ಲಿ ಸ್ರ್ಯಾಮ್ ಕಂಪನಿ ಎಲ್ಲಕ್ಕೂ ಒಂದೇ ಆಗುವ ಯುಡಿಎಚ್ ತಂದಿತು. ಹಳೇ ಫ್ರೇಮ್ ಕೊಳ್ಳುವುದಾದರೆ ಅದರ ಹ್ಯಾಂಗರ್ ಇನ್ನೂ ಸಿಗುವಾಗಲೇ ಎರಡು ತರಿಸಿಟ್ಟುಕೊಳ್ಳಿ. ಒಂದು ಕಲ್ಲಿಗೆ ತಾಗಿದರೆ ಬಾಗುವುದು ಮೊದಲು ಅದೇ.

ಪೆಡಲ್ ನಡುವಿನ ಬಾಟಮ್ ಬ್ರಾಕೆಟ್ ಕಥೆ ನನಗೆ ಇಷ್ಟ. 2000ದ ನಂತರ ಒಬ್ಬೊಬ್ಬರೂ ಸ್ಕ್ರೂ ಮರೆ ಕೈಬಿಟ್ಟು ಬೇರಿಂಗನ್ನು ಫ್ರೇಮಿಗೆ ಒತ್ತಿ ಕೂರಿಸೋಕೆ ಹೋದರು. ತೂಕ ಉಳಿಯಿತು, ಜೊತೆಗೆ ಕಿರ್ರ್ ಸದ್ದು ಬಂತು. ಈಚೆಗೆ ಹಲವು ಕಂಪನಿಗಳು ತೆಪ್ಪಗೆ ಹಳೇ ಮರೆಗೇ ಮರಳಿವೆ. ಆ ಮರೆಯ ಅಳತೆಯ ಹೆಸರೇನು ಗೊತ್ತಾ? ಬಿಎಸ್‌ಎ. ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, ನಾವು ಹೈಸ್ಕೂಲಿಗೆ ತುಳಿದುಕೊಂಡು ಹೋದ ಬಿಎಸ್‌ಎ ಎಸ್‌ಎಲ್‌ಆರ್ ಮೇಲಿದ್ದ ಅದೇ ಮೂರಕ್ಷರ. ಅರಸೀಕೆರೆಯಲ್ಲಿ ನಮ್ಮ ಬೀದಿಯ ಸೈಕಲ್ ಶಾಪಿನವರು ಯಾವ ಕಂಪನಿ ಅಂತ ಕೇಳುತ್ತಲೇ ಇರಲಿಲ್ಲ, ಡಬ್ಬಕ್ಕೆ ಕೈ ಹಾಕಿದರೆ ಸಿಕ್ಕಿದ ಭಾಗ ಕೂರುತ್ತಿತ್ತು. ಹತ್ತು ಸಾವಿರ ಮೈಲಿ ದೂರದಲ್ಲಿ, ಒಂದೊಂದು ಫ್ರೇಮಿನ ಒಂದೊಂದು ತೂತು ಅಳೆಯುವಾಗಲೆಲ್ಲ ಆ ಡಬ್ಬ ನೆನಪಾಗುತ್ತೆ.

ಕೊನೆಯ ಗಡಿ ಕಣ್ಣಿಗೆ ಕಾಣದ್ದು, ಜ್ಯಾಮಿತಿ. 1990ರ ದಶಕದಲ್ಲಿ ಮುಂದಿನ ಫೋರ್ಕ್ ನೆಲಕ್ಕೆ ಸುಮಾರು 71 ಡಿಗ್ರಿ ಕೋನದಲ್ಲಿ ನಿಲ್ಲುತ್ತಿತ್ತು, ಹ್ಯಾಂಡಲ್ ಹಿಡಿಯುವ ಸ್ಟೆಮ್ 120 ಮಿಲಿಮೀಟರ್ ಉದ್ದ. ಕಡಿದಾದ ಇಳಿಜಾರಲ್ಲಿ ಸವಾರ ಹ್ಯಾಂಡಲ್ ಮೇಲಿಂದ ಹಾರಿಬೀಳೋಕೆ ಹೇಳಿ ಮಾಡಿಸಿದ ಹಾಗೆ. 2013ರ ಮಾದರಿಗಳಲ್ಲಿ ಸ್ಪೇನಿನ ಮೊಂಡ್ರಾಕರ್ ಕಂಪನಿ ಫ್ರೇಮನ್ನು ಉದ್ದ ಮಾಡಿ ಸ್ಟೆಮ್ ಮೋಟು ಮಾಡಿತು. ಜನ ಮೊದಲು ನಕ್ಕರು, ಆಮೇಲೆ ನಕಲು ಮಾಡಿದರು. ಇವತ್ತಿನ ಟ್ರೇಲ್ ಸೈಕಲ್ಲಿನ ಕೋನ 65ರ ಆಸುಪಾಸು, ಸ್ಟೆಮ್ 35ರಿಂದ 50. ಭಾಗಗಳನ್ನು ಹೇಗಾದರೂ ಹೊಂದಿಸಬಹುದು, ಫ್ರೇಮಿನ ಕೋನ ಮಾತ್ರ ಹೆಚ್ಚುಕಡಿಮೆ ಹುಟ್ಟುಗುಣ. ಇಷ್ಟರಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ಇದೇ, ಯಾಕಂದರೆ ಇಲ್ಲಿ ಪ್ರಶ್ನೆ ದುಡ್ಡಿನದಲ್ಲ, ಆ ಹುಡುಗನ ಹಲ್ಲು ಮತ್ತು ಕತ್ತಿನದು.

ಮುಂದಿನ ಶನಿವಾರ ಇಬ್ಬರೂ ಅಲ್ಯೂಮಿನಿಯಂ ಫ್ರೇಮ್ ನೋಡೋಕೆ ಹೋದೆವು. 2018ರದ್ದು, 29 ಇಂಚು, ಬೂಸ್ಟ್ 148, ಮರೆಯ ಬಾಟಮ್ ಬ್ರಾಕೆಟ್, ಮೆಟ್ರಿಕ್ ಶಾಕ್. ಹಿಂದೆ 120 ಮಿಲಿಮೀಟರ್ ಕುಗ್ಗುತ್ತೆ, ಅವನ ಫೋರ್ಕೂ ಅಷ್ಟೇ. ಮಾರುವವರ ಒಪ್ಪಿಗೆ ಕೇಳಿ ಶಾಕ್‌ನ ಒಂದು ತುದಿ ಬಿಚ್ಚಿದೆ. ಇದೊಂದನ್ನು ನೀವೂ ತಪ್ಪದೆ ಮಾಡಿ. ಶಾಕ್ ಇದ್ದಾಗ ಎಲ್ಲ ಫ್ರೇಮೂ ಚೆನ್ನಾಗೇ ಕಾಣುತ್ತೆ. ಬಿಚ್ಚಿದ ಮೇಲೆ ಹಿಂಭಾಗವನ್ನು ಕೈಯಲ್ಲಿ ಮೇಲೆ ಕೆಳಗೆ ಆಡಿಸಿ, ತಡೆಯಿಲ್ಲದೆ ಬರಬೇಕು. ಅಡ್ಡಕ್ಕೆ ಅಲ್ಲಾಡಿಸಿ, ಟಕ್ ಅನ್ನಬಾರದು. ಇದು ಒಂದು ಕಡೆ ಮರಳು ಅರೆದ ಹಾಗೆ ಬಂತು. ಮುಖ್ಯ ಕೀಲಿನ ಬೇರಿಂಗ್ ತುಕ್ಕು ಹಿಡಿದಿತ್ತು. ಹುಡುಗನ ಮುಖ ಬಾಡಿತು.

"ಬೇರಿಂಗ್ ಬದಲಾಯಿಸಬಹುದು ಕಣೋ, ಬಿರುಕು ಬಿಟ್ಟಿದ್ದರೆ ಆಗ್ತಿರಲಿಲ್ಲ" ಅಂದೆ. ಫೋನಿನ ಟಾರ್ಚ್ ಹಿಡಿದು ಅವನೇ ಹುಡುಕಿದ: ಹ್ಯಾಂಡಲ್ ಕೆಳಗಿನ ವೆಲ್ಡ್, ಸೀಟ್ ಪೋಸ್ಟ್ ಇಳಿಯುವ ಬಾಯಿ, ಕೀಲುಗಳ ಸುತ್ತ, ಚೈನಿನ ಪಕ್ಕದ ಚೈನ್‌ಸ್ಟೇ. ಎರಡು ಸ್ಟಿಕ್ಕರ್ ಇತ್ತು, ಕೇಳಿ ಕೀಳಿಸಿದೆವು. ಕೆಳಗೆ ಬರೀ ಬಣ್ಣ. ಫ್ರೇಮನ್ನು ಬೋರಲು ಹಾಕಿ ಬಾಟಮ್ ಬ್ರಾಕೆಟ್ ಅಡಿಯ ಸೀರಿಯಲ್ ನಂಬರ್ ಓದಿ ಬೈಕ್ ಇಂಡೆಕ್ಸ್‌ನಲ್ಲಿ ಹಾಕಿ ನೋಡಿದ, ಕದ್ದ ಮಾಲಿನ ಪಟ್ಟಿಯಲ್ಲಿ ಇರಲಿಲ್ಲ. ಬೇರಿಂಗ್ ತೋರಿಸಿ ಚೌಕಾಸಿ ಮಾಡಿ 620ಕ್ಕೆ ಒಪ್ಪಿಸಿದ. ಆ ವಿದ್ಯೆ ಅವನಿಗೆ ಅವರಜ್ಜಿಯಿಂದ ಬಂದಿರಬೇಕು.

ಬೇರಿಂಗ್ ತೆಗೆಯೋಕೆ ನಮ್ಮ ಗ್ಯಾರೇಜಿನಲ್ಲಿ ಒಂದು ಇಡೀ ಭಾನುವಾರ ಹೋಯಿತು. ಮಾರ್ಚ್‌ನಲ್ಲಿ ಮರಿನ್‌ನ ಚೈನಾ ಕ್ಯಾಂಪ್ ಪಾರ್ಕಿನ ಟ್ರೇಲ್‌ಗೆ ಅದನ್ನು ಒಯ್ದೆವು. ನಾನು ಹಿಂದೆ ಏದುಸಿರು ಬಿಡುತ್ತಾ ಬರುತ್ತಿದ್ದೆ. ಅವನು ತಿರುವಿನಲ್ಲಿ ನಿಂತು ಕಾಯುತ್ತಾ, ಬಗ್ಗಿ ಕೀಲಿಗೆ ಕಿವಿ ಕೊಟ್ಟು, ಹಿಂಭಾಗವನ್ನು ಮೇಲೆ ಕೆಳಗೆ ಒತ್ತುತ್ತಿದ್ದ.

"ಮಾಮ, ಸೌಂಡೇ ಇಲ್ಲ!"