ಅಕ್ಷರ ಉಳಿದದ್ದೆಲ್ಲಿ? ಕಿತ್ತೂರು ಸೀಮೆಯ ವಿನ್ಯಾಸ ಫೈಲ್‌ಗಳ ಚರಿತ್ರೆ

ಸವದತ್ತಿಯ ರಟ್ಟ ಅರಸರ ಶಾಸನಗಳನ್ನು 19ನೇ ಶತಮಾನದಲ್ಲಿ ಶಾಸನತಜ್ಞ ಜೆ.ಎಫ್. ಫ್ಲೀಟ್ ಓದಿ ಪ್ರಕಟಿಸಿದರು. ಶಾಸನದ ಪಡಿಯಚ್ಚು ತೆಗೆಯುವವರು ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಬ್ರಷ್ಷಿನಿಂದ ಬಡಿದು ಕೂರಿಸಿ ಮಸಿ ಮೆತ್ತುತ್ತಾರೆ. ಕೊರೆದ ಅಕ್ಷರ ಬಿಳಿಯಾಗಿ ಉಳಿಯುತ್ತದೆ, ಸುತ್ತಲಿನದು ಕಪ್ಪಾಗುತ್ತದೆ. ಕಲ್ಲಿನ ಬಣ್ಣ, ಆಳ, ಪಾಚಿ ಯಾವುದೂ ಕಾಗದಕ್ಕೆ ಬರುವುದಿಲ್ಲ, ಅವು ಬೇಕಾಗಿಯೂ ಇಲ್ಲ. ಏನನ್ನು ಬಿಡಬೇಕು, ಏನನ್ನು ಉಳಿಸಬೇಕು ಎಂಬ ಈ ತೀರ್ಮಾನವನ್ನೇ ಮುಂದೆ ಕಂಪ್ಯೂಟರಿನ ಪ್ರತಿಯೊಂದು ಫೈಲ್ ಮಾದರಿಯೂ ತನ್ನದೇ ರೀತಿಯಲ್ಲಿ ಮಾಡಿತು. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಆ ತೀರ್ಮಾನ ಹೆಚ್ಚಾಗಿ ಅಕ್ಷರಕ್ಕೆ ವಿರುದ್ಧವಾಗಿಯೇ ಆಯಿತು ಎಂಬುದು ಈ ಲೇಖನದ ವಾದ.

ಆ ಮಾದರಿಗಳಲ್ಲೊಂದು, ಚಿತ್ರವನ್ನು ಹಿಂಡಿ ಸಣ್ಣದಾಗಿಸುವ ಜೆಪೆಗ್. ಅದರ ಬುಡದಲ್ಲಿರುವ ಗಣಿತಕ್ಕೆ ಕರ್ನಾಟಕದ ನಂಟಿದೆ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯೇ ಎಂಜಿನಿಯರಿಂಗ್ ಓದಿದ ನಾಸಿರ್ ಅಹ್ಮದ್ ಮುಂದೆ ಅಮೆರಿಕದ ಕ್ಯಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಆ ಗಣಿತದ ಕುರಿತ ಸಂಶೋಧನೆಗೆ 1972ರಲ್ಲಿ ಅವರು ಕೇಳಿದ ಧನಸಹಾಯವನ್ನು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಕೊಡಲಿಲ್ಲ. ಆದರೂ ಟಿ. ನಟರಾಜನ್, ಕೆ.ಆರ್. ರಾವ್ ಅವರೊಂದಿಗೆ ಬರೆದ ಪ್ರಬಂಧ 1974ರ ಜನವರಿಯಲ್ಲಿ ಹೊರಬಂತು. 1992ರ ಜೆಪೆಗ್ ಮಾನಕ ನಿಂತಿರುವುದು ಅದರ ಮೇಲೆ. ಚಿತ್ರವನ್ನು ಎಂಟು ಸಾಲು, ಎಂಟು ಕಂಬ ಚುಕ್ಕಿಗಳ ಚೌಕಗಳಾಗಿ ಒಡೆದು, ಪ್ರತಿ ಚೌಕದಲ್ಲಿ ನಿಧಾನವಾಗಿ ಬದಲಾಗುವ ಛಾಯೆಯನ್ನು ಜೋಪಾನವಾಗಿಟ್ಟು, ಥಟ್ಟನೆ ಬದಲಾಗುವ ಅಂಚನ್ನು ಒರಟಾಗಿ ದಾಖಲಿಸುವುದು ಜೆಪೆಗ್‌ನ ಕ್ರಮ. ಮುಖ, ಆಕಾಶ, ಮಲಪ್ರಭೆಯ ನೀರು ಇದರಿಂದ ಕೆಡುವುದಿಲ್ಲ. ಅಕ್ಷರಕ್ಕೆ ಅಂಚೇ ಜೀವ, ಅದು ಕೆಡುತ್ತದೆ.

ಜೆಪೆಗ್‌ನಿಂದಾಗುವ ಲಾಭವೂ ಸಣ್ಣದಲ್ಲ. ಹತ್ತಡಿ ಅಗಲ, ಎಂಟಡಿ ಎತ್ತರದ ಫ್ಲೆಕ್ಸನ್ನು ಇಂಚಿಗೆ 72 ಚುಕ್ಕಿಯಂತೆ ಮಾಡಿದರೆ ಸುಮಾರು 6 ಕೋಟಿ ಚುಕ್ಕಿ, ನಾಲ್ಕು ಮಸಿಯ ಲೆಕ್ಕದಲ್ಲಿ ಸುಮಾರು 24 ಕೋಟಿ ಬೈಟ್. ನಷ್ಟವಿಲ್ಲದ ಟಿಫ್‌ನಲ್ಲಿ ಫೋಟೋ ತುಂಬಿದ ಫೈಲ್ ಅಷ್ಟೇನೂ ಇಳಿಯದು, ಜೆಪೆಗ್‌ನಲ್ಲಿ ಪೆನ್‌ಡ್ರೈವ್ ಬೇಡ, ಫೋನಿನಲ್ಲೇ ಹೋಗುವಷ್ಟಾಗುತ್ತದೆ. ಆದರೆ ಈ ಸೀಮೆಯ ಬಣ್ಣಗಳೇ ಜೆಪೆಗ್‌ನ ದುರ್ಬಲ ಜಾಗ. ಯಲ್ಲಮ್ಮನ ಜಾತ್ರೆಯ ಭಂಡಾರ-ಕುಂಕುಮವಿರಲಿ, ಕನ್ನಡ ಬಾವುಟವಿರಲಿ, ಎಲ್ಲೆಡೆ ಹಳದಿ-ಕೆಂಪಿನ ಜೋಡಿ. ಜೆಪೆಗ್ ಸಾಮಾನ್ಯವಾಗಿ ಬೆಳಕಿನ ವಿವರವನ್ನು ಪೂರ್ತಿ ಇಟ್ಟುಕೊಂಡು, ಬಣ್ಣದ ವಿವರವನ್ನು ನಾಲ್ಕು ಚುಕ್ಕಿಗೊಂದರಂತೆ ಉಳಿಸುತ್ತದೆ. ಕೆಂಪು ಅಕ್ಷರದ ಅಂಚು ಹಳದಿಗೆ ಸೋರುತ್ತದೆ, ಒತ್ತಕ್ಷರದ ಕೆಳಗಿನ ಸಣ್ಣ ಸಂದು ತುಂಬಿಕೊಳ್ಳುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಮತ್ತೊಮ್ಮೆ ಹಿಂಡುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದಂತೆ ತಲುಪುತ್ತದೆ.

ನೇಕಾರಿಕೆಗೆ ಹೆಸರಾದ ರಾಮದುರ್ಗದ ಕಡೆಯಿಂದ ನೋಡಿದರೆ ಲೆಕ್ಕವೇ ಬೇರೆ. ಜಕಾರ್ಡ್ ಮಗ್ಗದ ವಿನ್ಯಾಸದಲ್ಲಿ ಒಂದು ಮನೆ ಎಂದರೆ ಹಾಸು-ಹೊಕ್ಕು ಸೇರುವ ಒಂದು ಜಾಗ. ನೂಲು ಮೇಲೆ ಏಳಬೇಕು ಅಥವಾ ಕೆಳಗುಳಿಯಬೇಕು. ಅಂಥ ನಕ್ಷೆಯನ್ನು ಜೆಪೆಗ್ ಮಾಡಿದರೆ ನಾಲ್ಕು ಬಣ್ಣವಿದ್ದಲ್ಲಿ ನೂರಾರು ಛಾಯೆ ಹುಟ್ಟುತ್ತವೆ, ಯಾವ ನೂಲು ಎಂದು ಯಂತ್ರ ಕೇಳಿದರೆ ಉತ್ತರವಿಲ್ಲ. ಎಣಿಕೆಯ ಬಣ್ಣಗಳ ಬಿಎಂಪಿಯಂಥ ಸರಳ ಮಾದರಿ ಈ ಕೆಲಸಕ್ಕೆ ಒಗ್ಗುವುದು ಇದೇ ಕಾರಣಕ್ಕೆ.

ಇಷ್ಟಾದರೂ ದೊಡ್ಡ ನಷ್ಟವಾದದ್ದು ಜೆಪೆಗ್‌ನಿಂದಲ್ಲ, ಅಕ್ಷರದ ಸಂಕೇತ ಕಳೆದುಕೊಂಡದ್ದರಿಂದ ಎಂದೇ ನನ್ನ ಅಭಿಪ್ರಾಯ. ಕನ್ನಡಕ್ಕೆ 1991ರಲ್ಲೇ, ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಜಾಗ ಸಿಕ್ಕಿತ್ತು. ಅಂಗಡಿಗಳಲ್ಲಿ ನಡೆದದ್ದು ಮಾತ್ರ ಶ್ರೀಲಿಪಿ, 1998ರ ಬರಹ, ಆಮೇಲೆ ಬಂದ ನುಡಿ ಎಂಬ ಕನ್ನಡ ತಂತ್ರಾಂಶಗಳು. ಇವುಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಹಳೆಯ ನುಡಿಯಲ್ಲಿ ‘ಕಿತ್ತೂರು’ ಎಂಬುದಕ್ಕೆ 8 ಬೈಟ್ ಸಾಕು, ಯುನಿಕೋಡಿನ ಯುಟಿಎಫ್-8 ರೂಪದಲ್ಲಿ 24 ಬೇಕು. ಆ ಉಳಿತಾಯಕ್ಕೆ ತೆತ್ತ ಬೆಲೆ ದುಬಾರಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಮದುವೆ ಕರೆಯೋಲೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳ ಸಾಲು. 2001ರಲ್ಲಿ ಕೊನೆಯ ಆವೃತ್ತಿ ಕಂಡ ಪುಟ ಜೋಡಣೆಯ ತಂತ್ರಾಂಶ ಪೇಜ್‌ಮೇಕರ್‌ಗೆ ಯುನಿಕೋಡ್ ತಿಳಿಯದು. ಅದೇ ಕೆಲಸದ ಇನ್‌ಡಿಸೈನ್‌ನಲ್ಲಿ ಭಾರತೀಯ ಲಿಪಿಗಳ ಜೋಡಣೆ ನೇರವಾಗಿ ಸಿಕ್ಕಿದ್ದು 2012ರ ಸಿಎಸ್6ರಲ್ಲಿ.

ಹಾಗಾಗಿ ಮುದ್ರಣಕ್ಕೆ ಕಳಿಸುವ ಮುನ್ನ ವಿನ್ಯಾಸ ತಂತ್ರಾಂಶ ಕೋರಲ್‌ಡ್ರಾದಲ್ಲಿ ಕಂಟ್ರೋಲ್-ಕ್ಯೂ ಒತ್ತಿ ‘ಕರ್ವ್’ ಮಾಡುವುದು ರೂಢಿಯಾಯಿತು. ಅಕ್ಷರ ಬರೀ ಗೆರೆಯಾಗುತ್ತದೆ. ಎಷ್ಟು ಹಿಗ್ಗಿಸಿದರೂ ಅಂಚು ಕೆಡದು, ಯಾವ ಪ್ರೆಸ್ಸಿನಲ್ಲೂ ಅದು ಹಾಗೇ ಕಾಣುತ್ತದೆ. ಕಣ್ಣಿಗೆ ಏನೂ ಕಳೆದಿಲ್ಲ. ಆದರೆ ಆ ಫೈಲಿನಲ್ಲಿ ಕನ್ನಡವೇ ಇಲ್ಲ. ಚೆನ್ನಮ್ಮನ ಸಮಾಧಿ ಇರುವ ಬೈಲಹೊಂಗಲದ ಹೆಸರನ್ನೋ, ರಾಯಣ್ಣನ ಸಂಗೊಳ್ಳಿಯನ್ನೋ ಅದರಲ್ಲಿ ಹುಡುಕಿದರೆ ಸಿಗುವುದಿಲ್ಲ. ಕಾಗುಣಿತದ ತಪ್ಪು ತಿದ್ದಬೇಕಾದರೆ ಮತ್ತೆ ಟೈಪ್ ಮಾಡಬೇಕು. ಅದನ್ನು ಪಿಡಿಎಫ್ ಮಾಡಿದರೂ ಗೆರೆಯೇ. ಹಳೆಯ ನುಡಿ ಪಠ್ಯವಾದರೆ ಪರಿವರ್ತಕದಿಂದ ಯುನಿಕೋಡ್‌ಗೆ ತರಬಹುದು. ಕರ್ವ್ ಆದದ್ದನ್ನು ಚಿತ್ರದಿಂದ ಅಕ್ಷರ ಗುರುತಿಸುವ ಓಸಿಆರ್ ತಂತ್ರಾಂಶಕ್ಕೆ ಕೊಟ್ಟು, ಬಂದದ್ದನ್ನು ಸಾಲುಸಾಲಾಗಿ ತಿದ್ದಬೇಕು. ಕರ್ವ್ ಮಾಡುವ ಮುಂಚಿನ ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡ ಅಂಗಡಿಗೆ ಮಾತ್ರ ಆ ಪಾಡಿಲ್ಲ.