ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ

ಗುಂಡ್ಲುಪೇಟೆ ಕಡೆ ನಾಯಿ ಕಚ್ಚಿದ ಮಾತು ಬಂದರೆ ಹಿರಿಯರ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತದೆ. "ಹದಿನಾಲ್ಕು ಸೂಜಿ ಕಣಪ್ಪ, ಹೊಕ್ಕುಳ ಸುತ್ತ" ಎನ್ನುತ್ತಿದ್ದಳು ನನ್ನಜ್ಜಿ. ಆ ಸೂಜಿಯಲ್ಲಿ ಇರುತ್ತಿದ್ದುದು ಕುರಿಯ ಮಿದುಳು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಪಿಎಚ್‌ಡಿಗೆ ಸೇರುವವರೆಗೆ ನನಗೂ.

1885ರ ಜುಲೈ 6ರಂದು ಲೂಯಿ ಪಾಶ್ಚರ್ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ಗೆ ಕೊಡಿಸಿದ್ದು ಮೊಲದ ಒಣಗಿಸಿದ ಬೆನ್ನುಹುರಿ. ಮೊದಲ ದಿನ ಚೆನ್ನಾಗಿ ಒಣಗಿದ್ದು, ಆಮೇಲೆ ದಿನದಿನಕ್ಕೂ ಹಸಿಯದು, ಅಂದರೆ ಜೀವಂತ ವೈರಸ್ಸು ಹೆಚ್ಚಿರುವಂಥದ್ದು. ಕಚ್ಚಿದ ಜಾಗದಿಂದ ವೈರಸ್ಸು ನರದೊಳಗೆ ನಿಧಾನವಾಗಿ ಮಿದುಳಿಗೆ ತೆವಳುತ್ತದೆ. ಅಷ್ಟರಲ್ಲಿ ದೇಹದ ರಕ್ಷಣಾ ಕೋಶಗಳಿಗೆ ಅದರ ಗುರುತು ಹತ್ತಬೇಕು.

ಈ ಲಸಿಕೆಯನ್ನು ಸೀಸೆಗೆ ತುಂಬಿ ದೂರದೂರಿಗೆ ಕಳಿಸುವುದು ಕಷ್ಟ. ಕಚ್ಚಿಸಿಕೊಂಡವರೇ ಅದಿರುವಲ್ಲಿಗೆ ಹೋಗಬೇಕಿತ್ತು. 1900ರಲ್ಲಿ ಹಿಮಾಲಯದ ಕಸೌಲಿಯಲ್ಲಿ, 1907ರಲ್ಲಿ ದಕ್ಷಿಣದವರಿಗಾಗಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆಗಳಾದವು. ನಮಗೆ ಕೂನೂರೆಂದರೆ ಬಂಡೀಪುರದ ಕಾಡು ದಾಟಿ ನೀಲಗಿರಿ ಹತ್ತಬೇಕು.

1911ರಲ್ಲಿ ಕಸೌಲಿಯ ಡೇವಿಡ್ ಸೆಂಪಲ್ ಕುರಿಯ ಮಿದುಳಿನಲ್ಲಿ ಬೆಳೆಸಿದ ವೈರಸ್ಸನ್ನು ಫೀನಾಲಿನಿಂದ ಕೊಂದು ಲಸಿಕೆ ಮಾಡಿದ. ಸತ್ತ ವೈರಸ್ಸಾದ್ದರಿಂದ ಜಿಲ್ಲೆ, ತಾಲ್ಲೂಕು ಆಸ್ಪತ್ರೆಗಳಿಗೂ ಕಳಿಸಬಹುದಾಯಿತು. ಆದರೆ ವೈರಸ್ಸಿನ ಜೊತೆ ಮಿದುಳೂ ಬಂತು. ನರತಂತುಗಳಿಗೆ ಸುತ್ತಿಕೊಂಡಿರುವ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಕುರಿಗೂ ನಮಗೂ ಹೆಚ್ಚುಕಡಿಮೆ ಒಂದೇ. ಕಾವಲುಗಾರನಿಗೆ ಕಳ್ಳನ ಮುಖದ ಜೊತೆ ಮನೆಯವರ ಮುಖವನ್ನೂ ತೋರಿಸಿದಂತಾಯಿತು. ಕೆಲವರಲ್ಲಿ ಟಿ ಕೋಶಗಳು ತಮ್ಮದೇ ನರದ ಹೊದಿಕೆಯ ಮೇಲೆ ಬಿದ್ದವು. ಕಾಲು ಸೋತವು, ಮೂತ್ರ ಕಟ್ಟಿತು, ಕೆಲವರು ಸತ್ತರು. 1933ರಲ್ಲಿ ನ್ಯೂಯಾರ್ಕಿನ ಥಾಮಸ್ ರಿವರ್ಸ್ ಮತ್ತು ಸಂಗಡಿಗರು ವೈರಸ್ಸೇ ಇಲ್ಲದ ಮೊಲದ ಮಿದುಳನ್ನು ಮಂಗಗಳಿಗೆ ಮತ್ತೆಮತ್ತೆ ಚುಚ್ಚಿದರು. ಅವಕ್ಕೂ ಲಕ್ವ ಹೊಡೆಯಿತು.

ಸೆಂಪಲ್‌ನನ್ನು ದೂರಲಾರೆ. ಹುಚ್ಚುನಾಯಿ ರೋಗ ಕಾಣಿಸಿಕೊಂಡ ಮೇಲೆ ಬಹುತೇಕ ಯಾರೂ ಬದುಕುವುದಿಲ್ಲ. ಲಕ್ವದ ಭಯ ಅದರ ಮುಂದೆ ಚಿಕ್ಕದೇ. ನನಗೆ ಸಿಟ್ಟು ಬರುವುದು ಬೇರೆ ಕಡೆ. ಮಿದುಳಿಲ್ಲದ, ಕೋಶಗಳಲ್ಲಿ ಬೆಳೆಸಿದ ಲಸಿಕೆ 1970ರ ದಶಕದಲ್ಲೇ ಬಂದಿತ್ತು. ಆದರೂ ನಮ್ಮಲ್ಲಿ ಕುರಿಮಿದುಳಿನದು ಪೂರ್ತಿ ನಿಂತದ್ದು 2005ರ ಹೊತ್ತಿಗೆ. ಅಲ್ಲಿಯವರೆಗೆ ದುಡ್ಡಿದ್ದವರಿಗೆ ತೋಳಿಗೆ, ಇಲ್ಲದವರಿಗೆ ಹೊಟ್ಟೆಗೆ.

ಹೋದ ವರ್ಷ ನಮ್ಮ ಮಾವನಿಗೆ ನಾಯಿ ಕಚ್ಚಿತು. ಎರಡು ದಿನ ಯಾರಿಗೂ ಹೇಳಲಿಲ್ಲ. ಗೊತ್ತಾದ ತಕ್ಷಣ ಗಾಯಕ್ಕೆ ಸೋಪು ಹಾಕಿ ನೀರು ಬಿಟ್ಟು ತೊಳೆದು ಚಾಮರಾಜನಗರಕ್ಕೆ ಕರೆದುಕೊಂಡು ಹೋದೆ. ನರ್ಸಮ್ಮ "ತೋಳು ಮಡಿಸಿ ಯಜಮಾನ್ರೇ" ಎಂದರು. ಮಾವ ಆಗಲೇ ಅಂಗಿಯ ಗುಂಡಿ ಬಿಚ್ಚಿ, ಹೊಟ್ಟೆ ತೋರಿಸಿಕೊಂಡು ಕಣ್ಣು ಮುಚ್ಚಿದ್ದರು.