ನಡಿಗೆಯಲ್ಲಿ ಕಂಡ ವ್ಯಾಧಿ

ವೃದ್ಧರ ಕೈ ನಡುಗಿದರೆ, ದನಿ ತಗ್ಗಿದರೆ, ‘ಅರುವತ್ತಕ್ಕೆ ಅರಳುಮರಳು’ ಎಂದು ನಮ್ಮ ಜನರು ಸುಮ್ಮನಾಗುವುದುಂಟು. ಆಯುರ್ವೇದವು ನಡುಕಕ್ಕೆ ಕಂಪವಾತವೆಂಬ ಹೆಸರನ್ನು ಎಂದೋ ಕೊಟ್ಟಿತ್ತು. ಆದರೆ ನಡುಗುವ ರೋಗಗಳು ಹಲವಿರುವಲ್ಲಿ, ಅವುಗಳಲ್ಲೊಂದನ್ನು ಅದರ ಲಕ್ಷಣಗಳೊಡನೆ ಬೇರ್ಪಡಿಸಿ 1817ರಲ್ಲಿ ವರ್ಣಿಸಿದವನು ಲಂಡನ್ನಿನ ಹಾಕ್ಸ್‌ಟನ್ನಿನಲ್ಲಿದ್ದ ವೈದ್ಯ ಜೇಮ್ಸ್ ಪಾರ್ಕಿನ್‌ಸನ್.

ಆತನ ಪ್ರಬಂಧವು 66 ಪುಟಗಳ ಚಿಕ್ಕ ಹೊತ್ತಗೆ. ಅದರಲ್ಲಿ ಬರುವ ರೋಗಿಗಳು ಕೇವಲ 6 ಮಂದಿ. ಅವರಲ್ಲಿ ಇಬ್ಬರನ್ನು ಆತನು ಬೀದಿಯಲ್ಲಿ ಅಕಸ್ಮಾತ್ತಾಗಿ ಕಂಡು ವಿಚಾರಿಸಿದನು. ಇನ್ನೊಬ್ಬನನ್ನು ದೂರದಿಂದ ನೋಡಿದ್ದಷ್ಟೆ! ನಾಡಿ ಹಿಡಿಯದೆಯೂ ರೋಗನಿರ್ಣಯವುಂಟೆ ಎಂದು ನಾವು ಸೋಜಿಗಪಟ್ಟೆವು. ಸುಮ್ಮನಿರಿಸಿದ ಕೈಯ ನಡುಕ, ಮುಂದಕ್ಕೆ ಬಾಗಿದ ಮೈ, ನಡೆಯುತ್ತ ನಡೆಯುತ್ತ ಓಟಕ್ಕೆ ತಿರುಗುವ ಹೆಜ್ಜೆ, ಇವೇ ಆತನು ಕಂಡ ಗುರುತುಗಳು. ಬುದ್ಧಿಯು ಕೆಡುವುದಿಲ್ಲವೆಂದೂ ಬರೆದನು. (ರೋಗವು ಹಳತಾದಂತೆ ಹಲವರಲ್ಲಿ ಅದೂ ಕುಂದುವುದೆಂದು ಈಗ ತಿಳಿದಿದೆ.)

ಕಣ್ಣಿಗೆ ಕಾಣದ ಒಂದು ಲಕ್ಷಣವು ಮಾತ್ರ ಆತನ ಕೈಗೆ ಸಿಕ್ಕಲಿಲ್ಲ. ಅದು ಅಂಗಗಳ ಬಿಗಿತ. ರೋಗಿಯ ತೋಳನ್ನು ಹಿಡಿದು ಮಡಿಸಿ ಬಿಚ್ಚಿದರಷ್ಟೆ ಅದು ತಿಳಿಯುವುದು. ಇದನ್ನು ಎತ್ತಿ ಹೇಳಿದವನು ಅರ್ಧಶತಮಾನದ ತರುವಾಯ ಪ್ಯಾರಿಸ್ಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯ ಶಾರ್ಕೋ. ಸುಮ್ಮನಿದ್ದಾಗ ಬರುವ ನಡುಕ ಬೇರೆ, ವಸ್ತುವಿಗೆ ಕೈಚಾಚಿದಾಗ ಬರುವ ನಡುಕ ಬೇರೆ ಎಂದು ವಿಂಗಡಿಸಿ, ವ್ಯಾಧಿಗೆ ಪಾರ್ಕಿನ್‌ಸನ್ನನ ಹೆಸರನ್ನಿಟ್ಟವನೂ ಅವನೇ.

ಮಿದುಳಿನಲ್ಲಿ ಡೋಪಮೈನ್ ಎಂಬ ದ್ರವ್ಯವು ಕುಂದುವುದೆಂದು 1960ರಲ್ಲಿ ವಿಯೆನ್ನಾದಲ್ಲಿ ಗೊತ್ತಾಯಿತು. ಅದರ ಕೊರತೆಯನ್ನು ತುಂಬುವ ಲೆವೊಡೋಪಾ ನಮ್ಮ ಹೊಲದಂಚಿನ ನಸುಗುನ್ನಿಯ ಬೀಜದಲ್ಲಿಯೂ ಇದೆ. ಆ ಔಷಧಕ್ಕೆ ರೋಗಿಯು ಚೆನ್ನಾಗಿ ಚೇತರಿಸಿಕೊಂಡರೆ ನಿರ್ಣಯವು ದೃಢವಾಗುತ್ತದೆ. ಡೋಪಮೈನಿನ ಕೊರತೆಯನ್ನು ತೋರಿಸುವ ಚಿತ್ರಗಳನ್ನು ಈಗ ತೆಗೆಯಬಹುದು. ಆದರೆ ಇದನ್ನೇ ಹೋಲುವ ಬೇರೆ ಕೆಲವು ವ್ಯಾಧಿಗಳಿಂದ ಇದನ್ನು ಅವು ಬೇರ್ಪಡಿಸಲಾರವು. ಆದುದರಿಂದ ವೈದ್ಯರು ಇಂದಿಗೂ ರೋಗಿಯನ್ನು ನಡೆಸಿ ನೋಡುತ್ತಾರೆ, ಬೆರಳುಗಳನ್ನು ತಟ್ಟಿಸುತ್ತಾರೆ, ಒಂದು ಸಾಲು ಬರೆಯಿಸುತ್ತಾರೆ. ಚಲನೆಯ ಮಾಂದ್ಯವೇ ಮುಖ್ಯ ಲಕ್ಷಣ. ನಡುಕವೇ ಇಲ್ಲದ ರೋಗಿಗಳೂ ಉಂಟು.

ಬರೆವಣಿಗೆಯ ಸಂಗತಿಯು ಉಪಾಧ್ಯಾಯರಾದ ನಮಗೆ ಹತ್ತಿರದ್ದು. ಸಾಲಿನ ಮೊದಲಲ್ಲಿ ದುಂಡಾಗಿದ್ದ ಅಕ್ಷರವು ಕೊನೆಗೆ ಸಾಸಿವೆಯಷ್ಟಾಗುತ್ತದೆ. ನಮ್ಮ ಪರಿಚಯದ ಹಿರಿಯ ಉಪಾಧ್ಯಾಯರೊಬ್ಬರ ಕೈಬರಹವು ಹೀಗಾದಾಗ, ತನಿಖೆಗೆ ಬಂದವರು ಅದನ್ನು ಆಲಸ್ಯವೆಂದು ಬರೆದುಹೋದರು. ಎರಡು ವರುಷಗಳ ಮೇಲೆ ವೈದ್ಯರು ಅವರನ್ನು ನಡೆಸಿ ನೋಡಿ, ಹಳೆಯ ಹಾಜರಿಪಟ್ಟಿಗಳನ್ನು ತರಿಸಿಕೊಂಡು, ತಿಂಗಳಿಂದ ತಿಂಗಳಿಗೆ ಕಿರಿದಾಗುತ್ತ ಬಂದ ಮಕ್ಕಳ ಹೆಸರುಗಳ ಮೇಲೆ ಬೆರಳಿಟ್ಟು ತೋರಿಸಿದರು.